ತಣ್ಣಗಿನ ಫೋನು, ಬಿಸಿ ಕಂಪ್ಯೂಟರು: ಕ್ರಿಪ್ಟೋ ಮೈನಿಂಗ್ ಓದುವವರಿಗೆ ನನ್ನ ಟಿಪ್ಪಣಿ

ಮೂಡಿಗೆರೆ ಕಡೆ ತೋಟ ಮಾಡುವ ನಮ್ಮ ಚಿಕ್ಕಪ್ಪ ಮೆಣಸು ಮಾರಿದ ದುಡ್ಡಲ್ಲಿ ನಲವತ್ತು ಸಾವಿರ ತೆಗೆದು, ಫೋನಿನಲ್ಲೇ ಕ್ರಿಪ್ಟೋ ನಾಣ್ಯ ಹುಟ್ಟಿಸುತ್ತೇನೆ ಅನ್ನುವ ಒಂದು ಆ್ಯಪ್‌ಗೆ ಹಾಕಿದ್ದರು. ಹಬ್ಬಕ್ಕೆ ಚಿಕ್ಕಮಗಳೂರಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಫೋನನ್ನು ನನ್ನ ಮುಂದೆ ಹಿಡಿದರು. ಪರದೆ ಮೇಲೆ ಚಿನ್ನದ ಬಣ್ಣದ ನಾಣ್ಯ ಗಿರಗಿರ ತಿರುಗುತ್ತಿತ್ತು, ಅದರ ಕೆಳಗೆ ಅಂಕಿ ಏರುತ್ತಿತ್ತು.

“ನೋಡೋ, ಮೈನಿಂಗ್ ಆಗ್ತಿದೆ. ನಾನು ಮಲಗಿದ್ರೂ ಕಾಯಿನ್ ಬೀಳ್ತಾನೇ ಇರುತ್ತೆ.”

“ಫೋನ್ ಬಿಸಿ ಆಗುತ್ತಾ ಚಿಕ್ಕಪ್ಪ?”

“ಇಲ್ವಲ್ಲ, ತಣ್ಣಗಿದೆ. ಒಳ್ಳೇ ಫೋನು ಕಣೋ.”

“ಚಾರ್ಜು?”

“ಬೆಳಗ್ಗೆ ಹಾಕಿದ್ದು. ಇನ್ನೂ ಎಪ್ಪತ್ತು ಪರ್ಸೆಂಟ್ ಇದೆ.”

ನನಗೆ ಅಷ್ಟು ಸಾಕಾಯಿತು. ಯಾಕೆ ಸಾಕಾಯಿತು ಅನ್ನುವುದೇ ಈ ಟಿಪ್ಪಣಿ. ನಾನು ಪಂಡಿತನಲ್ಲ. ಬಿಸಿಎ ಮುಗಿಸಿದ ನಾವು ನಾಲ್ಕು ಜನ ಸಂಜೆ ಹೊತ್ತು ಕೂತು ಓದಿಕೊಂಡದ್ದನ್ನು, ಈಗ ಶುರು ಮಾಡುತ್ತಿರುವವರಿಗೆ ಆಗಲಿ ಅಂತ ಬರೆದಿಟ್ಟಿದ್ದೇನೆ. ಓದುವಾಗ ಎರಡು ಪ್ರಶ್ನೆ ಕೈಯಲ್ಲಿ ಹಿಡಿದುಕೊಳ್ಳಿ: ಕರೆಂಟು ಯಾರದು? ಕೀ, ಅಂದರೆ ನಾಣ್ಯದ ಬೀಗದ ಕೈ, ಯಾರ ಹತ್ತಿರ ಇದೆ?

ಮೊದಲು ಪುಸ್ತಕ, ಆಮೇಲೆ ನಾಣ್ಯ

ಕಾಫಿ ತೋಟದಲ್ಲಿ ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ರೈಟರ್ ಕೈಯಲ್ಲಿ ಇರುತ್ತದೆ. ಮಂಗಳವಾರದ ಹಾಜರಿಯನ್ನು ಆತ ಗುರುವಾರ ತಿದ್ದಿದರೆ ಕಂಡುಹಿಡಿಯುವುದು ಕಷ್ಟ. ಅದೇ ಚೆಕ್‌ರೋಲಿನ ನಕಲು ಕೆಲಸದವರ ಲೈನ್‌ಮನೆಯ ಪ್ರತಿಯೊಬ್ಬರ ಹತ್ತಿರವೂ ಇದ್ದು, ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಮುದ್ರೆ ಒತ್ತಿದ್ದರೆ? ಹಳೆಯ ಒಂದು ಪುಟ ತಿದ್ದಿದರೆ ಅದರ ಮುದ್ರೆ ಬದಲಾಗುತ್ತದೆ, ಮುಂದಿನ ಪುಟಗಳೆಲ್ಲ ಸುಳ್ಳಾಗುತ್ತವೆ. ಬ್ಲಾಕ್‌ಚೈನ್ ಅಂದರೆ ಇಷ್ಟೇ. ಪುಟಕ್ಕೆ ಬ್ಲಾಕ್ ಅನ್ನುತ್ತಾರೆ, ಮುದ್ರೆಗೆ ಹ್ಯಾಶ್ ಅನ್ನುತ್ತಾರೆ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ, ಇಂಥ ಪುಸ್ತಕದ ಲೆಕ್ಕದಲ್ಲಷ್ಟೇ ಇರುವ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯದ ಪ್ರಬಂಧ ಹೊರಬಂದದ್ದು 2008ರ ಅಕ್ಟೋಬರ್ 31ರಂದು, ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು.

ಹ್ಯಾಶ್ ಓದಿದರೆ ತಲೆಗೆ ಹತ್ತುವುದಿಲ್ಲ, ಮಾಡಿ ನೋಡಬೇಕು. ಲಿನಕ್ಸ್ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನಕ್ಕೆ ‘ಹಲೋ’ ಅನ್ನುವ ಪದವನ್ನು ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಕೊಟ್ಟರೆ 64 ಅಂಕಿ-ಅಕ್ಷರಗಳ ಸಾಲು ಬರುತ್ತದೆ, ಅದರ ಶುರು 2ಸಿಎಫ್24ಡಿಬಿಎ. ಮೊದಲಕ್ಷರ ಒಂದನ್ನೇ ದೊಡ್ಡದು ಮಾಡಿ, ಸಾಲು 185ಎಫ್8ಡಿಬಿ3 ಅಂತ ಶುರುವಾಗುತ್ತದೆ. ಎರಡಕ್ಕೂ ಎಲ್ಲೂ ಹೋಲಿಕೆ ಇಲ್ಲ. ನನಗೆ ಮೊದಲ ದಿನ ಇವೆರಡೂ ಬರದೆ 5891ಬಿ5 ಅಂತ ಏನೋ ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಪದ ಕೊಡಲು ನಾನು ಬಳಸಿದ ಎಕೋ ಕಮಾಂಡ್ ಪದದ ಕೊನೆಗೆ ಕಣ್ಣಿಗೆ ಕಾಣದ ಹೊಸ ಸಾಲಿನ ಗುರುತೊಂದನ್ನು ತಾನೇ ಸೇರಿಸುತ್ತದೆ ಅಂತ. ಕಾಣದ ಒಂದು ಗುರುತಿಗೇ ಇಡೀ ಮುದ್ರೆ ಬದಲಾಯಿತಲ್ಲ, ಆ ತಪ್ಪೇ ನನಗೆ ಸರಿಯಾದ ಪಾಠವಾಯಿತು. ನೀವೂ ಬೇಕೆಂದೇ ಆ ತಪ್ಪು ಮಾಡಿ ನೋಡಿ.

ಮೈನಿಂಗ್ ಅಂದರೆ ಜರಡಿ ಹಿಡಿಯುವ ಕೆಲಸ

ಅಗೆಯುವುದು ಅನ್ನುವ ಅರ್ಥವೇ ದಾರಿ ತಪ್ಪಿಸುತ್ತದೆ. ನಮ್ಮೂರಿನವರಿಗೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನ ಜರಡಿ ಇಟ್ಟು ಹೇಳಿದರೆ ಬೇಗ ಅರ್ಥವಾಗುತ್ತದೆ. ಹ್ಯಾಶನ್ನು ಸಂಖ್ಯೆಯಾಗಿ ಓದಿದರೆ ಅದು ಒಂದು ಗುರಿಗಿಂತ ಚಿಕ್ಕದಾಗಿರಬೇಕು, ಅಂದರೆ ಶುರುವಿನಲ್ಲಿ ಸಾಲು ಸೊನ್ನೆ ಇರಬೇಕು. ಅಂಥದ್ದು ಹೇಗೆ ಸಿಗುತ್ತದೆ ಅನ್ನುವುದಕ್ಕೆ ಸೂತ್ರವಿಲ್ಲ. ಬ್ಲಾಕ್‌ನೊಳಗಿನ ನಾನ್ಸ್ ಅನ್ನುವ ಸಂಖ್ಯೆ ಬದಲಿಸುತ್ತಾ, ಹ್ಯಾಶ್ ಮಾಡುತ್ತಾ, ಬಿದ್ದರೆ ಬಿತ್ತು ಅಂತ ಜರಡಿ ಆಡಿಸುತ್ತಲೇ ಇರಬೇಕು. ಮೊದಲು ಯಾರ ಜರಡಿಯಿಂದ ಬೀಜ ಬೀಳುತ್ತದೋ ಅವರ ಪುಟ ಪುಸ್ತಕಕ್ಕೆ ಸೇರುತ್ತದೆ, ಬಹುಮಾನವಾಗಿ ಹುಟ್ಟುವ ಹೊಸ ನಾಣ್ಯವೂ ಅವರದೇ.

ಜರಡಿ ಆಡಿಸುವವರು ಜಾಸ್ತಿಯಾದರೆ ಬೀಜವೂ ಬೇಗ ಬೇಗ ಬೀಳಬೇಕಲ್ಲವೇ? ಬೀಳುವುದಿಲ್ಲ. ಪ್ರತಿ 2016 ಬ್ಲಾಕ್‌ಗೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಜರಡಿಯ ಕಣ್ಣು ತಾನಾಗಿ ಕಿರಿದೋ ದೊಡ್ಡದೋ ಆಗಿ ಮತ್ತೆ ಹತ್ತು ನಿಮಿಷಕ್ಕೊಂದು ಬ್ಲಾಕ್ ಅನ್ನುವ ಲೆಕ್ಕಕ್ಕೆ ಬರುತ್ತದೆ. ಹೊಸ ಯಂತ್ರ ಎಷ್ಟೇ ಬರಲಿ, ದಿನಕ್ಕೆ ಸುಮಾರು 144 ಬ್ಲಾಕ್. ಬಹುಮಾನ ಶುರುವಿನಲ್ಲಿ ಬ್ಲಾಕಿಗೆ 50 ಬಿಟ್‌ಕಾಯಿನ್ ಇತ್ತು. 2,10,000 ಬ್ಲಾಕಿಗೊಮ್ಮೆ ಅರ್ಧವಾಗುತ್ತಾ ಬಂದು 2024ರ ಏಪ್ರಿಲ್‌ನಿಂದ 3.125 ಆಗಿದೆ. ಹೀಗೆ ಅರ್ಧವಾಗುತ್ತಾ ಹೋಗಿ ಒಟ್ಟು ನಾಣ್ಯ 2.1 ಕೋಟಿ ದಾಟುವುದಿಲ್ಲ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಆ್ಯಂಟ್‌ಮೈನರ್ ಎಸ್19 ಪ್ರೊ ಅನ್ನುವ ಯಂತ್ರ ಸೆಕೆಂಡಿಗೆ 110 ಟೆರಾಹ್ಯಾಶ್ ಮಾಡುತ್ತದೆ, ನಮ್ಮ ಭಾಷೆಯಲ್ಲಿ 110 ಲಕ್ಷ ಕೋಟಿ. ಎಳೆಯುವ ವಿದ್ಯುತ್ 3250 ವಾಟ್, ದಿನಕ್ಕೆ 78 ಯೂನಿಟ್. ಮೆಸ್ಕಾಂ ಬಿಲ್ಲನ್ನು ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿದರೆ ದಿನಕ್ಕೆ 468 ರೂಪಾಯಿ, ತಿಂಗಳಿಗೆ ಹದಿನಾಲ್ಕು ಸಾವಿರ. ಜಗತ್ತಿನ ಎಲ್ಲ ಬಿಟ್‌ಕಾಯಿನ್ ಯಂತ್ರಗಳ ಒಟ್ಟು ವೇಗ 2025ರಲ್ಲಿ ಸೆಕೆಂಡಿಗೆ ಸಾವಿರ ಎಕ್ಸಾಹ್ಯಾಶ್ ಮುಟ್ಟಿತು (ಒಂದು ಎಕ್ಸಾ ಅಂದರೆ ಹತ್ತು ಲಕ್ಷ ಟೆರಾ). ಅದರಲ್ಲಿ ಈ ಯಂತ್ರದ ಪಾಲು ಸುಮಾರು 91 ಲಕ್ಷದಲ್ಲಿ ಒಂದು. ವರ್ಷಕ್ಕೆ 52,560 ಬ್ಲಾಕ್ ಅಂದರೆ, ಒಬ್ಬನೇ ಕೂತು ಜರಡಿ ಹಿಡಿದರೆ ಸರಾಸರಿ 173 ವರ್ಷಕ್ಕೆ ಒಂದು ಬ್ಲಾಕ್ ಸಿಗುತ್ತದೆ. ನಾಲ್ಕನೇ ತಲೆಮಾರಿಗೆ ಫಸಲು ಕೊಡುವ ಗಿಡ ಇದು.

ಅದಕ್ಕೇ ಎಲ್ಲರೂ ಪೂಲ್ ಸೇರುತ್ತಾರೆ. ಸಾವಿರಾರು ಯಂತ್ರ ಒಟ್ಟಿಗೆ ದುಡಿದು, ಸಿಕ್ಕಿದ್ದನ್ನು ಪಾಲಿಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ದಿನಕ್ಕೆ ಹುಟ್ಟುವ 450 ಬಿಟ್‌ಕಾಯಿನ್‌ನಲ್ಲಿ ನಮ್ಮ ಯಂತ್ರಕ್ಕೆ ಬರುವುದು 0.0000495. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ಅಂತ ಇಟ್ಟುಕೊಂಡರೆ 396 ರೂಪಾಯಿ. ಕರೆಂಟಿಗೆ 468 ಕೊಟ್ಟು 396 ಗಳಿಸುವುದು! ಬೆಲೆ ಏರಿದರೆ ಲೆಕ್ಕ ಬದಲಾಗುತ್ತದೆ, ನಿಜ. ಆದರೆ ಬೆಲೆ ಏರಿದಾಗ ಜರಡಿ ಹಿಡಿಯುವವರೂ ಹೆಚ್ಚುತ್ತಾರೆ.

ಇನ್ನು ಚಿಕ್ಕಪ್ಪನ ಫೋನು. ಅದು ಸೆಕೆಂಡಿಗೆ ಒಂದು ಕೋಟಿ ಹ್ಯಾಶ್ ಮಾಡಿತು ಅಂತ ಧಾರಾಳವಾಗಿ ಒಪ್ಪಿಕೊಳ್ಳೋಣ. ಒಂದು ಎಸ್19ಕ್ಕೆ ಸಮವಾಗಲು ಅಂಥ 1 ಕೋಟಿ 10 ಲಕ್ಷ ಫೋನು ಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹಸುಗೂಸು ಸೇರಿ ಅಷ್ಟೂ ಜನ ಫೋನ್ ಹಿಡಿದು ಮೈನಿಂಗ್‌ಗೆ ಕೂತರೂ ಐದೂವರೆ ಯಂತ್ರದ ಕೆಲಸ ಆಗುತ್ತದೆ. ಹಾಗೆ ಕೂತರೂ ಎಲ್ಲರ ಅಂಗೈ ಸುಡಬೇಕು, ಮಧ್ಯಾಹ್ನದೊಳಗೆ ಎಲ್ಲರ ಚಾರ್ಜ್ ಮುಗಿಯಬೇಕು. ಫೋನು ತಣ್ಣಗಿದೆ ಅಂದರೆ ಅಲ್ಲಿ ಲೆಕ್ಕವೇ ನಡೆಯುತ್ತಿಲ್ಲ, ತಿರುಗುತ್ತಿದ್ದದ್ದು ಒಂದು ಚಿತ್ರ.

“ನಮ್ಮ ಯಂತ್ರ ಹೊರದೇಶದಲ್ಲಿದೆ, ನೀವು ಬಾಡಿಗೆ ಕೊಟ್ಟರೆ ಸಾಕು” ಅಂತ ಕ್ಲೌಡ್ ಮೈನಿಂಗ್ ಹೆಸರಲ್ಲಿ ಹೇಳುವವರೂ ಇದ್ದಾರೆ. ಕರೆಂಟು ಅವರದು, ಯಂತ್ರ ಅವರದು, ಲಾಭ ಮಾತ್ರ ತಿಂಗಳಿಗೆ ಹತ್ತು ಪರ್ಸೆಂಟ್ ನಿಮ್ಮದು. ಅಷ್ಟು ಲಾಭ ಬರುವ ಯಂತ್ರವನ್ನು ಅವರೇ ಇಟ್ಟುಕೊಳ್ಳದೆ ನಮಗೇಕೆ ಬಿಟ್ಟುಕೊಡುತ್ತಾರೆ? ಭಾರತದಲ್ಲಿ ಗೇನ್‌ಬಿಟ್‌ಕಾಯಿನ್ ಅನ್ನುವ ಯೋಜನೆ ಇದೇ ಧಾಟಿಯಲ್ಲಿ, ಹದಿನೆಂಟು ತಿಂಗಳು ತಿಂಗಳಿಗೆ 10% ಅಂತ ಆಸೆ ಹುಟ್ಟಿಸಿ, ಕೊನೆಗೆ ಪೊಲೀಸ್ ಕೇಸಾಯಿತು.

ಬಿಸಿಯಾಗಿದ್ದ ಕಂಪ್ಯೂಟರು

ಇದು ತಿರುಗುಮುರುಗು ಕಥೆ. ಎಂ.ಜಿ. ರಸ್ತೆ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರುವ ಪರಿಚಯದ ಅಣ್ಣ ಒಬ್ಬರು ಕರೆದರು: “ಏನೂ ಕೆಲಸ ಮಾಡ್ದೆ ಇದ್ರೂ ಫ್ಯಾನ್ ಹೊಡ್ಕೋತಿದೆ, ಬಂದು ನೋಡಪ್ಪ.” ಹೋದೆ. ಕಿಟಕಿಯಾಚೆ ಜಿಟಿಜಿಟಿ ಮಳೆ, ಒಳಗೆ ಸಿಪಿಯು ಡಬ್ಬದ ಹಿಂದೆ ಕೈ ಇಟ್ಟರೆ ಒಲೆ ಮುಂದೆ ಇಟ್ಟಂತೆ. ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಫ್ಯಾನ್ ತಣ್ಣಗಾಯಿತು, ಮುಚ್ಚಿದ ಎರಡು ನಿಮಿಷಕ್ಕೆ ಮತ್ತೆ ಶುರು. ಮೇಷ್ಟ್ರು ಬಂದ ಕೂಡಲೇ ಪುಸ್ತಕ ತೆರೆಯುವ ಹುಡುಗನ ಹಾಗೆ. ಕದ್ದು ಮೈನಿಂಗ್ ಮಾಡುವ ಕೆಲವು ಪ್ರೋಗ್ರಾಂಗಳು ಹೀಗೇ, ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಕೆಲಸ ನಿಲ್ಲಿಸುತ್ತವೆ. ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಹಾಕಿದ್ದರು, ಅದರ ಬಾಲ ಹಿಡಿದು ಬಂದಿತ್ತು.

ಮನೆ ಕಂಪ್ಯೂಟರಿನಿಂದ ಬಿಟ್‌ಕಾಯಿನ್ ಆಗುವುದಿಲ್ಲ ಅಂತ ಈಗಷ್ಟೇ ಲೆಕ್ಕ ಹಾಕಿದೆವು, ಹಾಗಾದರೆ ಕಳ್ಳನಿಗೆ ಏನು ಸಿಕ್ಕಿತು? ಅವನು ಮಾಡುತ್ತಿದ್ದದ್ದು ಮೊನೆರೊ ಎಂಬ ಬೇರೆ ನಾಣ್ಯ. 2019ರ ನವೆಂಬರ್‌ನಿಂದ ಅದು ಬಳಸುವ ರ‍್ಯಾಂಡಮ್‌ಎಕ್ಸ್ ವಿಧಾನವನ್ನು ಸಾಮಾನ್ಯ ಸಿಪಿಯುಗೆ ಒಗ್ಗುವಂತೆಯೇ ಮಾಡಿದ್ದಾರೆ. ಮೊನೆರೊದಲ್ಲಿ ಯಾರಿಂದ ಯಾರಿಗೆ ಎಷ್ಟು ಹೋಯಿತು ಅನ್ನುವುದೂ ಹೊರಗಿನವರಿಗೆ ಕಾಣುವುದಿಲ್ಲ. ಒಂದು ಕಂಪ್ಯೂಟರಿನಿಂದ ಪುಡಿಗಾಸು, ಹತ್ತು ಸಾವಿರ ಕಂಪ್ಯೂಟರಿನಿಂದ ಒಳ್ಳೆಯ ದುಡಿಮೆ. ಬಿಲ್ಲು ಅಣ್ಣನದು, ನಾಣ್ಯ ಕಳ್ಳನದು. ಕರೆಂಟು ಯಾರದು ಅನ್ನುವ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕೆ? 2017ರಿಂದ 2019ರವರೆಗೆ ಕಾಯಿನ್‌ಹೈವ್ ಎಂಬ ಸೇವೆ ಇತ್ತು. ಅದರ ನಾಲ್ಕು ಸಾಲು ಕೋಡ್ ಹಾಕಿದ ವೆಬ್‌ಸೈಟ್ ತೆರೆದರೆ ಸಾಕು, ಬ್ರೌಸರೇ ಮೊನೆರೊ ಮೈನಿಂಗ್‌ಗೆ ಕೂರುತ್ತಿತ್ತು.

ಅಣ್ಣನ ಕಂಪ್ಯೂಟರಿಗೆ ಆಫ್‌ಲೈನ್ ವೈರಸ್ ಸ್ಕ್ಯಾನ್ ಮಾಡಿದೆವು, ನಂಬಿಕೆ ಬರಲಿಲ್ಲ, ಫೈಲ್‌ಗಳನ್ನು ಎತ್ತಿಟ್ಟು ಫಾರ್ಮ್ಯಾಟ್ ಹೊಡೆದೆವು. ಕ್ರ್ಯಾಕ್ ಜತೆ ಬಂದದ್ದು ಬರೀ ಕರೆಂಟು ಕದ್ದು ಸುಮ್ಮನಿರುತ್ತದೆ ಅಂತ ನಂಬಬೇಡಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡನ್ನೂ ಹೊತ್ತುಕೊಂಡು ಹೋಗಿರಬಹುದು. ಅಣ್ಣನ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಫೋನಿನಿಂದ ಬದಲಿಸಿದೆವು. ಇನ್ನೊಂದು ಜಾತಿಯ ಕಳ್ಳ ಇದ್ದಾನೆ, ಕಾಪಿ ಮಾಡಿದ್ದು ತಂಗುವ ಕ್ಲಿಪ್‌ಬೋರ್ಡ್‌ನಲ್ಲಿ ಕೂತಿರುತ್ತಾನೆ. ನಾಣ್ಯ ಕಳಿಸಲು ನೀವು ಸ್ನೇಹಿತನ ಕ್ರಿಪ್ಟೋ ವಿಳಾಸ ಕಾಪಿ ಮಾಡಿದರೆ, ಪೇಸ್ಟ್ ಆಗುವುದು ಅವನ ವಿಳಾಸ. ಶುರುವಿನ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದುವಂತೆ ವಿಳಾಸ ಮಾಡಿಕೊಳ್ಳುವವರೂ ಇರುವುದರಿಂದ ನಡುವಿನ ಅಕ್ಷರಗಳನ್ನೂ ಓದಿ.

ಕೀ

ವ್ಯಾಲೆಟ್‌ನೊಳಗೆ ನಾಣ್ಯ ಇರುವುದಿಲ್ಲ. ನಾಣ್ಯದ ಲೆಕ್ಕ ಇರುವುದು ಎಲ್ಲರ ಕೈಯಲ್ಲಿರುವ ಆ ಪುಸ್ತಕದಲ್ಲಿ, ವ್ಯಾಲೆಟ್‌ನಲ್ಲಿ ಇರುವುದು ಸಹಿ ಹಾಕುವ ಖಾಸಗಿ ಕೀ ಮಾತ್ರ. ಆ ಕೀಯನ್ನು ಮತ್ತೆ ಹುಟ್ಟಿಸುವ ಬೀಜ ಸಾಮಾನ್ಯವಾಗಿ 12 ಅಥವಾ 24 ಪದ, 2048 ಪದಗಳ ನಿಗದಿತ ಪಟ್ಟಿಯಿಂದ ಆರಿಸಿದ್ದು. ಕೊನೆಯ ಪದದಲ್ಲಿ ತಾಳೆ ನೋಡುವ ಲೆಕ್ಕವೂ ಸೇರಿರುವುದರಿಂದ ಮನಸ್ಸಿಗೆ ಬಂದ ಹನ್ನೆರಡು ಪದ ಬರೆದರೆ ಹೆಚ್ಚಿನ ಸಲ ವ್ಯಾಲೆಟ್ ಒಪ್ಪುವುದಿಲ್ಲ. ಈ ಪದಗಳನ್ನು ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ, ‘ಕಸ್ಟಮರ್ ಕೇರ್’ ಅಂದವರಿಗೆ ಓದಿ ಹೇಳಬೇಡಿ. ಕಾಗದದಲ್ಲಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವರು ಮಲೆನಾಡಿನ ಆಷಾಢ ನೋಡಿಲ್ಲ. ನಮ್ಮಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಹೆಸರು ಕೊರೆಯುವ ಹಾಗೆ ಲೋಹದ ಮೇಲೆ ನೀವೇ ಕೊರೆದಿಡುವುದು ವಾಸಿ.

ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲಿ ಇಟ್ಟರೆ ಕೀ ಅವರ ಹತ್ತಿರ. 2014ರಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿತ್ತು. 2024ರ ಜುಲೈನಲ್ಲಿ ನಮ್ಮ ದೇಶದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಎರಡರಲ್ಲೂ ಗ್ರಾಹಕರ ಪಾಸ್‌ವರ್ಡ್ ಭದ್ರವಾಗಿದ್ದರೂ ಪ್ರಯೋಜನ ಆಗಲಿಲ್ಲ.

‘ಟ್ಯಾಕ್ಸ್ ಕಟ್ಟಿ, ಬಿಡಿಸಿಕೊಳ್ಳಿ’

ಚಿಕ್ಕಪ್ಪನ ಕಥೆಗೆ ಬರೋಣ. ನಾನು ಹೇಳಿದ ಮೇಲೆ ಅವರು ದುಡ್ಡು ವಾಪಸ್ ಕೇಳಿದರು. ಮೊದಲ ಸಲ ಎಂಟುನೂರು ರೂಪಾಯಿ ಕೊಟ್ಟರು, ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಪೂರ್ತಿ ಕೇಳಿದಾಗ “30% ಟ್ಯಾಕ್ಸ್ ಮೊದಲು ಈ ಯುಪಿಐಗೆ ಹಾಕಿ” ಅಂತ ಮೆಸೇಜು. ಕಾನೂನು ಗೊತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತಾರೆ. ಕ್ರಿಪ್ಟೋ ಲಾಭದ ಮೇಲೆ 30% ತೆರಿಗೆ 2022ರ ಏಪ್ರಿಲ್ 1ರಿಂದ ಇರುವುದು ನಿಜ, ಆದರೆ ಅದನ್ನು ನಾವು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು. 2022ರ ಜುಲೈ 1ರಿಂದ ಬಂದ 1% ಟಿಡಿಎಸ್ ಕೂಡ ಮಾರಿದ ಹಣದಲ್ಲೇ ಮುರಿದುಕೊಳ್ಳುವಂಥದ್ದು. ನಮ್ಮ ದುಡ್ಡು ನಮಗೆ ಕೊಡಲು ಮುಂಗಡ ತೆರಿಗೆ ಕೇಳುವ ಪದ್ಧತಿ ಎಲ್ಲೂ ಇಲ್ಲ. ಅಂದಹಾಗೆ ನಿಜವಾಗಿ ಮೈನಿಂಗ್ ಮಾಡುವವರೂ ಅದರ ಮೂಲಸೌಕರ್ಯದ ಖರ್ಚನ್ನು ಆ ಲಾಭದಲ್ಲಿ ಕಳೆಯುವಂತಿಲ್ಲ ಅಂತ ಸರ್ಕಾರ 2022ರಲ್ಲಿ ಸಂಸತ್ತಿನಲ್ಲೇ ಹೇಳಿದೆ. ಮೇಲಿನ ನಮ್ಮ ಲೆಕ್ಕ ಇನ್ನೂ ಕೆಡುತ್ತದೆ.

ಮೋಸ ಅಂತ ಗೊತ್ತಾದ ಗಳಿಗೆಯಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮುಳ್ಳಯ್ಯನಗಿರಿಯ ಎತ್ತರವನ್ನು ಕೆಲವು ಪುಸ್ತಕ 1925 ಮೀಟರ್ ಅಂತಲೂ ಕೆಲವು 1930 ಅಂತಲೂ ಬರೆಯುತ್ತವೆ, ನಮ್ಮ ಜಿಲ್ಲೆಯವರು ಎರಡನೆಯದನ್ನು ನೆನಪಿಟ್ಟುಕೊಂಡರೆ ನಂಬರ್ ಮರೆಯುವುದಿಲ್ಲ. ದುಡ್ಡು ಇನ್ನೂ ಬ್ಯಾಂಕ್ ಖಾತೆಗಳಲ್ಲಿ ಓಡಾಡುತ್ತಿದ್ದರೆ ತಡೆಹಿಡಿಯಲು ಆಗಬಹುದು. ಕ್ರಿಪ್ಟೋ ಆಗಿ ಪುಸ್ತಕಕ್ಕೆ ಏರಿದ ಮೇಲೆ ಹಿಂದಕ್ಕೆ ತಿರುಗಿಸುವ ಗುಂಡಿ ಇಲ್ಲ. ಯುಟಿಆರ್ ನಂಬರ್ (ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಸ್ಕ್ರೀನ್‌ಶಾಟ್, ವ್ಯಾಲೆಟ್ ವಿಳಾಸ ಎಲ್ಲ ಇಟ್ಟುಕೊಳ್ಳಿ. ಚಿಕ್ಕಪ್ಪ ಅವಮಾನಕ್ಕೆ ಚಾಟ್ ಪೂರ್ತಿ ಅಳಿಸಿಬಿಟ್ಟಿದ್ದರು, ದೂರು ಕೊಡಲು ಹೋದಾಗ ತೋರಿಸಲು ಬ್ಯಾಂಕ್ ಪಾಸ್‌ಬುಕ್ ಬಿಟ್ಟು ಏನೂ ಉಳಿದಿರಲಿಲ್ಲ. ತಿಂಗಳಾದ ಮೇಲೆ ಇನ್ನೊಬ್ಬ ಫೋನ್ ಮಾಡಿ “ಸಾರ್, ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಐದು ಸಾವಿರ ಫೀಸ್” ಅಂದನಂತೆ. ಒಮ್ಮೆ ಬಿದ್ದವರ ಪಟ್ಟಿ ಕೈಯಿಂದ ಕೈಗೆ ಮಾರಾಟವಾಗುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ: ಆ್ಯಂಟ್‌ಮೈನರ್ ಎಸ್21 ಯಂತ್ರದ ವೇಗ 200 ಟೆರಾಹ್ಯಾಶ್, ವಿದ್ಯುತ್ 3500 ವಾಟ್. ಮೇಲಿನ ಬೆಲೆಗಳನ್ನೇ ಇಟ್ಟುಕೊಂಡು ದಿನದ ಗಳಿಕೆ, ದಿನದ ಬಿಲ್ಲು ತೆಗೆಯಿರಿ. ಲಾಭ ಕಾಣಿಸುತ್ತದೆ, ಖುಷಿಪಡಿ. ಆಮೇಲೆ ಯಂತ್ರದ ಬೆಲೆಯನ್ನು ಆ ಲಾಭದಿಂದ ಭಾಗಿಸಿ ಎಷ್ಟು ದಿನ ಬಂತು ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುವ ದಿನಗಳನ್ನೂ ಅದಕ್ಕೆ ಸೇರಿಸಿ.