ಬಿನ್ನವತ್ತಳೆಯಲ್ಲಿ ಏನು ಬರೆಯುತ್ತೀರಿ?

ತೀರಿಕೊಂಡ ಪತ್ರಕರ್ತರ ಮನೆಯವರು ನನ್ನನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ವರ್ಷಾಂತಿಕ ಮುಗಿದ ಮೇಲೆ. ಕೈಯಲ್ಲಿ ಒಂದು ಫೋಟೊ ಇರುತ್ತದೆ, ಮನಸ್ಸಿನಲ್ಲಿ ಒಂದು ಮೊತ್ತ ಇರುತ್ತದೆ. 'ಅಪ್ಪನ ಹೆಸರಿನಲ್ಲಿ ಒಂದು ಪ್ರಶಸ್ತಿ ಇಡಬೇಕು ಸಾರ್, ಪತ್ರ ಬರೆದುಕೊಡಿ' ಎನ್ನುತ್ತಾರೆ. ಮೂವತ್ತು ವರ್ಷ ಡೆಸ್ಕಿನಲ್ಲಿ ಕುಳಿತು ಬೇರೆಯವರ ವಾಕ್ಯಗಳನ್ನು ತಿದ್ದಿದವನು ನಾನು. ನಿವೃತ್ತಿಯ ನಂತರ ಶಿವಮೊಗ್ಗದಲ್ಲಿ ನನಗೆ ಒದಗಿದ ಉಪಕಸುಬು ಇದು: ದತ್ತಿಪತ್ರ, ಅಂದರೆ ಪ್ರಶಸ್ತಿಗೆಂದು ಇಟ್ಟ ಹಣದ ಷರತ್ತುಗಳ ಪತ್ರ, ಬರೆಯುವುದು, ಆಯ್ಕೆ ಸಮಿತಿಗಳಲ್ಲಿ ಕೂರುವುದು.

ಬಂದವರಿಗೆ ಕಾಫಿ ಕೊಟ್ಟು ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ. 'ನಿಮ್ಮ ತಂದೆ ಬರೆದ ಒಂದು ವರದಿ ಯಾವುದು ಹೇಳಿ.' ಹೆಚ್ಚಿನವರು ತಡವರಿಸುತ್ತಾರೆ. ಅಪ್ಪ ರಾತ್ರಿ ತಡವಾಗಿ ಬರುತ್ತಿದ್ದರು, ಸ್ಕೂಟರಿನ ಸದ್ದು ಕೇಳಿ ಅಮ್ಮ ಸಾರು ಬಿಸಿಗಿಡುತ್ತಿದ್ದರು ಎಂಬುದು ನೆನಪಿರುತ್ತದೆ. ಅಪ್ಪ ಏನು ಬರೆದರು ಎಂಬುದು ನೆನಪಿರುವುದಿಲ್ಲ. ತಪ್ಪು ಮಕ್ಕಳದ್ದಲ್ಲ. ದಿನಪತ್ರಿಕೆಯ ಬರಹ ಮರುದಿನ ಅಂಗಡಿಯಲ್ಲಿ ಪೊಟ್ಟಣವಾಗುತ್ತದೆ. ಆದರೂ ನಾನು ಅವರನ್ನು ಅಟ್ಟ ಹತ್ತಿಸಿ ಹಳೆಯ ಕಟಿಂಗ್ ಹುಡುಕಿಸದೆ ದತ್ತಿಪತ್ರ ಬರೆಯುವುದಿಲ್ಲ. ಏಕೆಂದರೆ ಆ ಪತ್ರದ ಮೊದಲ ವಾಕ್ಯ ಅಲ್ಲಿಂದಲೇ ಬರಬೇಕು.

ಅವರೇ ಬರೆದು ತಂದ ಕರಡಿನಲ್ಲಿ ಮೊದಲ ವಾಕ್ಯ ಯಾವಾಗಲೂ ಇದೇ: 'ಪತ್ರಿಕೋದ್ಯಮದಲ್ಲಿ ಗಣನೀಯ ಸೇವೆ ಸಲ್ಲಿಸಿದವರಿಗೆ ನೀಡತಕ್ಕದ್ದು.' ಈ 'ಗಣನೀಯ ಸೇವೆ'ಯಷ್ಟು ಅನಾಹುತ ಮಾಡಿದ ಪದಗಳು ನಮ್ಮ ಪ್ರಶಸ್ತಿಗಳ ಲೋಕದಲ್ಲಿ ಬೇರೆ ಇಲ್ಲ. ಸೇವೆಯನ್ನು ಎಣಿಸುವುದು ಹೇಗೆ? ಇಪ್ಪತ್ತೈದು ವರ್ಷ ಆಯಿತೇ, ಮೂವತ್ತು ಆಯಿತೇ ಎಂದು. ಹಾಗಾಗಿ ಪ್ರಶಸ್ತಿ ಸರತಿ ಸಾಲಾಗುತ್ತದೆ. ಈ ವರ್ಷ ಅವರಿಗೆ, ಮುಂದಿನ ವರ್ಷ ಇವರಿಗೆ, ಅದರ ಮುಂದಿನ ವರ್ಷ ಸಂಘದ ಪದಾಧಿಕಾರಿಗಳಲ್ಲಿ ಉಳಿದವರಿಗೆ. ಸಮಿತಿಗೆ ಓದುವ ಕೆಲಸವೇ ಇಲ್ಲ, ವಯಸ್ಸು ಗೊತ್ತಿದ್ದರೆ ಸಾಕು.

ನಾನು ಬರೆದುಕೊಡುವ ವಾಕ್ಯ ಉದ್ದವಾಗಿದೆ, ಸೊಗಸಾಗಿಯೂ ಇಲ್ಲ: 'ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗೆ ಜಿಲ್ಲೆಯ ಯಾವುದೇ ತಾಲ್ಲೂಕಿನ ವಿಷಯವಾಗಿ ಪ್ರಕಟವಾದ ಒಂದು ವರದಿಗೆ ಅಥವಾ ವರದಿಗಳ ಸರಣಿಗೆ.' ಪ್ರಶಸ್ತಿ ಸಲ್ಲುವುದು ವರದಿಗೆ. ಬರೆದವರು ಬಂದು ಇಸಿದುಕೊಳ್ಳುತ್ತಾರೆ, ಅಷ್ಟೆ. ಇಷ್ಟು ಬದಲಾದರೆ ಸಮಿತಿ ಓದಲೇಬೇಕಾಗುತ್ತದೆ.

ಹೆಸರಿನ ಮಾತು ಬಂದಾಗ ಟಿಎಸ್ಸಾರ್ ಪ್ರಶಸ್ತಿಯನ್ನು ನೆನೆಯುತ್ತೇನೆ. ರಾಜ್ಯ ಸರ್ಕಾರ ಪತ್ರಕರ್ತರಿಗೆ ಕೊಡುವ ದೊಡ್ಡ ಗೌರವ ಅದು. 'ಪ್ರಜಾವಾಣಿ'ಯ ಸಂಪಾದಕರಾಗಿದ್ದು ಅಂಕಣದಲ್ಲಿ 'ಛೂ ಬಾಣ' ಬಿಡುತ್ತಿದ್ದ ಟಿ.ಎಸ್. ರಾಮಚಂದ್ರರಾವ್ ಅವರ ಹೆಸರಿನದು. ಪತ್ರಿಕೋದ್ಯಮ ಓದುವ ಹುಡುಗರ ಮುಂದೆ ಒಮ್ಮೆ ಈ ಮೂರಕ್ಷರದ ಬಗ್ಗೆ ಕೇಳಿದೆ. ಪ್ರಶಸ್ತಿಯ ಹೆಸರು ಎಲ್ಲರಿಗೂ ಗೊತ್ತಿತ್ತು. ಬಾಣದ ಮೊನೆ ಹೇಗಿತ್ತು ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಅಷ್ಟು ದೊಡ್ಡ ಹೆಸರಿಗೇ ಈ ಗತಿಯಾದರೆ ತಾಲ್ಲೂಕು ವರದಿಗಾರರ ಹೆಸರಿನಲ್ಲಿ ಇಟ್ಟ ಸಣ್ಣ ದತ್ತಿಯ ಪಾಡೇನು? ಅದಕ್ಕೇ ಪ್ರತಿ ವರ್ಷ ಪ್ರಶಸ್ತಿ ಕೊಡುವ ಮೊದಲು ಆ ಹಿರಿಯರ ಒಂದು ಹಳೆಯ ವರದಿಯನ್ನು ವೇದಿಕೆಯಲ್ಲಿ ಓದಬೇಕು ಎಂದು ಪತ್ರದಲ್ಲೇ ಬರೆಸುತ್ತೇನೆ. ಮೂರು ನಿಮಿಷದ ಕೆಲಸ. ಸ್ವಾಗತ ಭಾಷಣದಿಂದ ಕಡಿದರಾಯಿತು.

ಇನ್ನು ದುಡ್ಡು. ತೊಂಬತ್ತರ ದಶಕದ ನಡುವೆ ಬ್ಯಾಂಕ್ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಇತ್ತು. 25 ಸಾವಿರ ಇಟ್ಟರೆ ವರ್ಷಕ್ಕೆ 3 ಸಾವಿರ. ಆ ಕಾಲದ ತಾಲ್ಲೂಕು ವರದಿಗಾರನಿಗೆ ಅದು ಕೈ ತುಂಬುವ ಹಣ. ಈಗ ಅದೇ ಠೇವಣಿಗೆ ಶೇ 6.5 ಸಿಕ್ಕರೆ ಬರುವುದು 1,625 ರೂಪಾಯಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿಗೇ ಅದು ಸಾಲದು. ನಾನು ಕಂಡ ಒಂದು ದತ್ತಿಯಲ್ಲಿ ಪ್ರಶಸ್ತಿಯ ಮೊತ್ತಕ್ಕಿಂತ ಸ್ಮರಣಿಕೆಯ ಬೆಲೆ ಹೆಚ್ಚಾಗಿತ್ತು. (ಸ್ಮರಣಿಕೆ ಬೇಕೇ ಬೇಕು ಎನ್ನುವವರಿಗೆ ಸಾಗರದ ಗುಡಿಗಾರರ ಕೈಯ ಒಂದು ಸಣ್ಣ ಕೆತ್ತನೆ ತರಿಸಿ ಎನ್ನುತ್ತೇನೆ. ಗಾಜಿನ ಫಲಕಗಳು ನಮ್ಮ ಮನೆಗಳ ಕಪಾಟಿನಲ್ಲಿ ಈಗಾಗಲೇ ಬೇಕಾದಷ್ಟು ಇವೆ.) ಬಡ್ಡಿಯ ಮೂರರಲ್ಲಿ ಒಂದು ಪಾಲು ಪ್ರತಿ ವರ್ಷ ಮೂಲಧನಕ್ಕೆ ಸೇರಬೇಕು, ಮೊತ್ತ ತೀರ ಸಣ್ಣದಾದರೆ ಎರಡು ವರ್ಷಕ್ಕೊಮ್ಮೆ ಕೊಡಬಹುದು ಎಂದೂ ಪತ್ರದಲ್ಲಿ ಇರಬೇಕು. ಠೇವಣಿ ಯಾರ ಹೆಸರಿನಲ್ಲಿದೆ ಎಂಬುದು ಇನ್ನೊಂದು ತಕರಾರು. ಪದಾಧಿಕಾರಿಗಳು ಬದಲಾಗುತ್ತಾರೆ, ಸಹಿ ಬದಲಾಗುವುದಿಲ್ಲ, ರಸೀದಿ ಯಾರದೋ ಬೀರುವಿನಲ್ಲಿ ಉಳಿಯುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಹಿಂದಕ್ಕೆ ಪಡೆಯಬಹುದು, ಆದರೆ ಅಷ್ಟರಲ್ಲಿ ದತ್ತಿ ಇಟ್ಟವರೂ ಇರುವುದಿಲ್ಲ.

ಹಣಕ್ಕಿಂತ ಕಷ್ಟದ ಸಂಗತಿ ಓದುವುದು. ನಮ್ಮ ಮಲೆನಾಡಿನಲ್ಲಿ ಒಳ್ಳೆಯ ವರದಿ ಎಂದರೆ ಯಾವುದು?

ಒಂದು ಉದಾಹರಣೆ ಕೊಡುತ್ತೇನೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈ ರೋಗದಲ್ಲಿ ಸಾಮಾನ್ಯವಾಗಿ ಮಂಗ ಮೊದಲು ಸಾಯುತ್ತದೆ, ಮನುಷ್ಯನ ಸರದಿ ಆಮೇಲೆ. ಸತ್ತ ಮಂಗದ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಹರಡುತ್ತವೆ. ಕೊಟ್ಟಿಗೆಗೆ ದರಗು ಗುಡಿಸಲು ಹೋದವರಿಗೆ, ಸೌದೆಗೆ ಹೋದವರಿಗೆ ಅಲ್ಲಿಂದಲೇ ಜ್ವರ. 2018ರ ಡಿಸೆಂಬರ್ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳು ಇಲ್ಲಿ ಯಾರಿಗೂ ಮರೆತಿಲ್ಲ. ಹೀಗಿರುವಾಗ 'ಇಂಥ ಊರಿನ ಬಳಿ ಎರಡು ಮಂಗಗಳ ಕಳೇಬರ ಪತ್ತೆ' ಎಂಬ ಎರಡು ಸಾಲಿನ ಸುದ್ದಿಯ ತೂಕ ಎಷ್ಟು? ಅದನ್ನು ಬೆಳಿಗ್ಗೆ ಓದಿದವರು ಆ ಕಡೆ ದರಗಿಗೆ ಹೋಗುವುದಿಲ್ಲ. ಆರೋಗ್ಯ ಕೇಂದ್ರದವರು ಸುಮ್ಮನಿದ್ದರೆ ನಾಲ್ಕು ಜನ ಫೋನ್ ಮಾಡಿ ಕೇಳುತ್ತಾರೆ. ಒಂದು ಜೀವ ಉಳಿದಿದ್ದರೂ ಉಳಿದಿರಬಹುದು. ಆದರೆ ಅದಕ್ಕೆ ಬೈಲೈನ್ ಇಲ್ಲ, ಚಿತ್ರ ಇಲ್ಲ, ಪುಟದ ಕೆಳಗಿನ ಮೂಲೆಯ ಸಿಂಗಲ್ ಕಾಲಂ. ಯಾವ ಆಯ್ಕೆ ಸಮಿತಿಯೂ ಅದನ್ನು ನೋಡಿದ್ದಿಲ್ಲ. ನಮ್ಮ ಮುಂದೆ ಬರುವುದು ಆರು ಜನ ಸತ್ತ ಮೇಲೆ ಬರೆದ ಅರ್ಧ ಪುಟದ ವಿಶೇಷ ವರದಿ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವ ತಕ್ಕಡಿ ನಮ್ಮಲ್ಲಿ ಇಲ್ಲ.

ತಾಲ್ಲೂಕುಗಳ ಬಿಡಿ ಸುದ್ದಿಗಾರರ ಕೆಲಸ ಸಮಿತಿಯ ಮೇಜಿಗೆ ತಲುಪದಿರಲು ಇನ್ನೂ ಕಾರಣಗಳಿವೆ. ಜಿಲ್ಲಾ ಪುಟದ ಸುದ್ದಿ ಬೆಂಗಳೂರಿನವರಿಗೆ ಕಾಣುವುದೇ ಇಲ್ಲ. ಅಂತರ್ಜಾಲದಲ್ಲಿ ಎಲ್ಲವೂ ಉಳಿಯುತ್ತದೆ ಎನ್ನುವವರು ಐದು ವರ್ಷದ ಹಿಂದಿನ ಜಿಲ್ಲಾ ಪುಟವೊಂದನ್ನು ಹುಡುಕಿ ತೋರಿಸಲಿ. ಕೊನೆಗೆ ಸಾಕ್ಷಿಯಾಗಿ ಉಳಿಯುವುದು ಯಾರಾದರೂ ಕತ್ತರಿಸಿಟ್ಟ ಕಾಗದದ ಚೂರು. ಡೆಸ್ಕಿನ ಪಾಪವೂ ಇದರಲ್ಲಿ ಸೇರಿದೆ, ನನ್ನದೂ. ರಾತ್ರಿ ಹತ್ತಕ್ಕೆ ಶ್ರದ್ಧಾಂಜಲಿ ಜಾಹೀರಾತು ಬಂದರೆ ಮೊದಲು ಹಾರುತ್ತಿದ್ದುದು ಆ ಸಿಂಗಲ್ ಕಾಲಂ. ಹಾರಿಸುತ್ತಿದ್ದವನು ನಾನೇ.

ಹೀಗಾಗಿ ನಾನು ಕೂರುವ ಸಮಿತಿಗಳಲ್ಲಿ ಅರ್ಜಿ ಪದ್ಧತಿಯನ್ನು ನಿಲ್ಲಿಸಲು ಜಗಳವಾಡುತ್ತೇನೆ. ತನಗೆ ಪ್ರಶಸ್ತಿ ಕೊಡಿ ಎಂದು ಮೂರು ಪ್ರತಿಗಳಲ್ಲಿ ಅರ್ಜಿ ಬರೆಯುವುದು ಎಂಥ ಕೆಲಸ? ಬೇರೆ ಯಾರಾದರೂ ಸೂಚಿಸಲಿ: ಓದುಗರು, ಶಾಲೆಯ ಮೇಷ್ಟ್ರು, ಪತ್ರಿಕೆಯ ಏಜೆಂಟ್. ಕೆಲವು ವರ್ಷಗಳ ಹಿಂದೆ ನಮಗೆ ಬಂದ ಅತ್ಯುತ್ತಮ ಲಕೋಟೆ ಒಬ್ಬ ಏಜೆಂಟ್ ಕಳುಹಿಸಿದ್ದು. ಬೆಳಗಿನ ನಾಲ್ಕಕ್ಕೆ ಎದ್ದು ಕಟ್ಟು ಬಿಚ್ಚುವವರು ಪತ್ರಿಕೆಯನ್ನು ನಮಗಿಂತ ಚೆನ್ನಾಗಿ ಓದುತ್ತಾರೆ.

ಲಕೋಟೆಯಲ್ಲಿ ಏಳು ಚೂರುಗಳಿದ್ದವು. ಮೇಲೆ ಬಾಲ್ ಪೆನ್ನಿನಲ್ಲಿ ತಾರೀಖು. ಎಲ್ಲವೂ 'ಹೊಸನಗರ' ಎಂಬ ಡೇಟ್‌ಲೈನಿನವು, ಎಲ್ಲವೂ ಒಂದೇ ಹಳ್ಳದ ಒಂದೇ ಕಾಲುಸಂಕದ, ಅಂದರೆ ನಡೆದು ದಾಟುವ ಕಿರುಸೇತುವೆಯ, ಬಗ್ಗೆ. ಮೊದಲನೆಯದು ನಾಲ್ಕು ಸಾಲು: ಅಡಿಕೆ ದಬ್ಬೆಯ ಸಂಕ ಮಳೆಗೆ ಕೊಚ್ಚಿಹೋಗಿದೆ, ಮಕ್ಕಳು ಶಾಲೆಗೆ ಹೋಗುತ್ತಿಲ್ಲ. ಎರಡನೆಯದರಲ್ಲಿ ಎಷ್ಟು ಮಕ್ಕಳು, ಎಷ್ಟು ದಿನ ಎಂಬ ಲೆಕ್ಕ ಇತ್ತು. ಹಾಜರಿ ಪುಸ್ತಕ ನೋಡಿ ಬರೆದಿದ್ದರು. ಮೂರನೆಯದರಲ್ಲಿ ಹಳ್ಳದ ಅಗಲ. ಐದನೆಯದರಲ್ಲಿ ಒಂದು ವಾಕ್ಯ, ನನಗೆ ಇನ್ನೂ ಬಾಯಿಗೆ ಬರುತ್ತದೆ: 'ಅಂದಾಜು ಪಟ್ಟಿ ಸಿದ್ಧವಾಗಿದೆ ಎಂದು ಅಧಿಕಾರಿಗಳು ತಿಳಿಸಿದರು, ಹೀಗೆ ತಿಳಿಸಿದ್ದು ಇದು ಮೂರನೆಯ ಸಲ.' ವಿಶೇಷಣ ಇಲ್ಲ, ಆಕ್ರೋಶ ಇಲ್ಲ. ಏಳನೆಯದರಲ್ಲಿ ಕಾಮಗಾರಿ ಆರಂಭ. ಏಳೂ ಸೇರಿ ಒಂದು ಕಾಲಂ ಆಗುತ್ತಿತ್ತೇನೋ. ಬಿಡಿಯಾಗಿ ನೋಡಿದರೆ ಪುಟ ತುಂಬಿಸುವ ಸರಕು. ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದಾಗ ಸಮಿತಿಯಲ್ಲಿ ಎರಡನೆಯ ಮಾತೇ ಬರಲಿಲ್ಲ.

ಸಮಿತಿಯ ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂವರು ಸಾಕು, ಒಬ್ಬರು ಪತ್ರಿಕೆಯವರಲ್ಲದವರು ಇರಬೇಕು. ತಮ್ಮ ಪತ್ರಿಕೆಯ ವರದಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು. ಹೋಗಿ ಬಾಗಿಲ ಸಂದಿಯಲ್ಲಿ ನಿಲ್ಲುವುದಲ್ಲ. ವರದಿಯಲ್ಲಿ ಹೆಸರಿಸಿದ ಇಬ್ಬರಿಗಾದರೂ ಫೋನ್ ಮಾಡಿ ನಿಜವೇ ಎಂದು ಕೇಳಬೇಕು. ಯೋಗ್ಯವಾದದ್ದು ಸಿಗದಿದ್ದರೆ ಈ ವರ್ಷ ಯಾರಿಗೂ ಇಲ್ಲ ಎನ್ನುವ ಧೈರ್ಯ ಇರಬೇಕು. ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯನ್ನು 2012ರಲ್ಲಿ ಸಂಪಾದಕೀಯ ವಿಭಾಗದಲ್ಲಿ ಯಾರಿಗೂ ಕೊಡಲಿಲ್ಲ. ನಮ್ಮಲ್ಲಿ ಹಾಗೆ ಮಾಡಿದರೆ ಮನೆಯವರು ನೊಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಪತ್ರದಲ್ಲಿ ಬರೆಸುವುದು.

ಸಮಾರಂಭ ನಡೆಯುವುದು ಹೆಚ್ಚಾಗಿ ಜುಲೈಯಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂದ ನೆನಪಿಗೆ ಆ ದಿನ ಪತ್ರಿಕಾ ದಿನಾಚರಣೆ. ಮೋಗ್ಲಿಂಗ್ ಅವರಿಗೆ ಮಲೆನಾಡಿನ ಆಷಾಢದ ಮಳೆಯ ಯೋಚನೆ ಇರಲಿಲ್ಲ ಎಂದು ಕಾಣುತ್ತದೆ. ಸಂಜೆ ನಾಲ್ಕಕ್ಕೆ ಎಂದು ಅಚ್ಚು ಹಾಕಿಸಿ ಮುಖ್ಯ ಅತಿಥಿಗಳು ಆರೂವರೆಗೆ ಬಂದ ಒಂದು ಸಮಾರಂಭದಲ್ಲಿ, ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಪುರಸ್ಕೃತರು ಅಷ್ಟರಲ್ಲಿ ಎದ್ದು ಹೋಗಿದ್ದರು. ಆಗ ಸಿಗಂದೂರು ಸೇತುವೆ ಇರಲಿಲ್ಲ. ಕೊನೆಯ ಲಾಂಚ್ ತಪ್ಪಿದರೆ ಹಿನ್ನೀರಿನ ಈಚೆಯೇ ರಾತ್ರಿ. ಪ್ರಶಸ್ತಿಯನ್ನು ಅವರ ಪರವಾಗಿ ಯಾರೋ ಸ್ವೀಕರಿಸಿದರು. ಅಂದಿನಿಂದ ನಾನು ಹೇಳಿದ ಕಡೆ ಕಾರ್ಯಕ್ರಮ ಬೆಳಿಗ್ಗೆ ಹನ್ನೊಂದಕ್ಕೆ.

ಕೊನೆಯದಾಗಿ ಬಿನ್ನವತ್ತಳೆ, ಪುರಸ್ಕೃತರಿಗೆ ಓದಿ ಕೊಡುವ ಮಾನಪತ್ರ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳು ಎಂಬ ವಿಭಾಗದಲ್ಲಿ ಎಂಬುದು ಬಹಳ ಜನರಿಗೆ ನೆನಪಿಲ್ಲ. ಅಲ್ಲಿ ಅವರ ಬಗ್ಗೆ ಹೇಳಿದ ಮಾತು ಒಂದೇ ವಾಕ್ಯದ್ದು, ಜಗತ್ತಿನ ಒಳ್ಳೆಯ ಸಿನಿಮಾ ಮತ್ತು ಜೀವಂತ ರಂಗಭೂಮಿಯನ್ನು ಹಳ್ಳಿಗಾಡಿಗೆ ತಂದರು ಎಂಬ ಅರ್ಥದ್ದು. 'ಸರಳ ಸಜ್ಜನಿಕೆಯ ಮೂರ್ತಿ', 'ಅಜಾತಶತ್ರು' ಎಂಬ ನಮ್ಮ ಬಿನ್ನವತ್ತಳೆಗಳ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. (ಅಜಾತಶತ್ರುವಾದ ವರದಿಗಾರ ನಿಜಕ್ಕೂ ವರದಿ ಮಾಡಿದ್ದಾನೆಯೇ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ.)

ಹೊಸನಗರದ ಆ ಏಳು ಸುದ್ದಿಗಳ ಬಿನ್ನವತ್ತಳೆಯನ್ನು ನಾನೇ ಬರೆದೆ. ಏಳೂ ತಾರೀಖು, ಮಕ್ಕಳ ಸಂಖ್ಯೆ, ಹಳ್ಳದ ಅಗಲ ಎಲ್ಲವನ್ನೂ ಸೇರಿಸಿದೆ. ಕೊನೆಯಲ್ಲಿ 'ಇವರ ವರದಿಗಳ ಫಲವಾಗಿ ಕಬ್ಬಿಣದ ಕಾಲುಸಂಕ ನಿರ್ಮಾಣವಾಗಿ ಮಕ್ಕಳು ನಿರಾತಂಕವಾಗಿ ಶಾಲೆಗೆ ಹೋಗುತ್ತಿದ್ದಾರೆ' ಎಂದು ಮುಗಿಸಿದೆ. ವೇದಿಕೆಯಲ್ಲಿ ಓದಿಯೂ ಓದಿದೆ. ಪುರಸ್ಕೃತರು ಮೈಕಿನ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡರು. 'ಒಂದು ತಿದ್ದುಪಡಿ ಇದೆ ಮಾರಾಯರೇ' ಎಂದರು. 'ಸಂಕ ಆಗಿದೆ. ಆದರೆ ಅತ್ತ ದಡದಲ್ಲಿ ಹತ್ತಲು ಮೆಟ್ಟಿಲು ಆಗಿಲ್ಲ. ಮಕ್ಕಳು ಈಗಲೂ ಹಳ್ಳದ ನೀರು ಇಳಿದ ದಿನ ಮಾತ್ರ ಹೋಗುತ್ತಾರೆ. ಕಳೆದ ವಾರ ಎಂಟನೆಯ ಸುದ್ದಿ ಕಳುಹಿಸಿದ್ದೇನೆ, ಇನ್ನೂ ಬಂದಿಲ್ಲ.'

ವರದಿಯಲ್ಲಿದ್ದ ಇಬ್ಬರಿಗೆ ಫೋನ್ ಮಾಡಬೇಕು ಎಂಬ ನಿಯಮ ಮಾಡಿದವನು ನಾನು. ಆ ಸಲ ಮಾಡಿರಲಿಲ್ಲ. ಚೌಕಟ್ಟಿನ ಗಾಜು ಬಿಚ್ಚಿಸಿ, ಕೊನೆಯ ವಾಕ್ಯ ತೆಗೆದು, ಹೊಸದಾಗಿ ಅಚ್ಚು ಹಾಕಿಸಿ ಹದಿನೈದು ದಿನಗಳ ನಂತರ ಅಂಚೆಯಲ್ಲಿ ಕಳುಹಿಸಿದೆ. ಎಂಟನೆಯ ಸುದ್ದಿ ಆ ಭಾನುವಾರ ಬಂತು, ನಾಲ್ಕನೆಯ ಪುಟದಲ್ಲಿ, ಸಿಂಗಲ್ ಕಾಲಂ.