ರೀಸ್‌ನಿಂದ ಪ್ರೈಸ್‌ವರೆಗೆ: ಒಂದು ವೇಲ್ಸ್ ಹೆಸರಿನ ಹಿಂದೆ ಬಿದ್ದು ಮಾಡಿಕೊಂಡ ಟಿಪ್ಪಣಿ

ಪಾಳಿ ಪುಸ್ತಕಗಳ ಮೊದಲ ಪುಟದಲ್ಲಿ ಕಾಣುವ ಪಾಳಿ ವಿದ್ವಾಂಸ ಟಿ. ಡಬ್ಲ್ಯೂ. ರೀಸ್ ಡೇವಿಡ್ಸ್ ಅವರ ಹೆಸರನ್ನು ನಾನು ಎಷ್ಟೋ ವರ್ಷ 'ರೈಸ್ ಡೇವಿಡ್ಸ್' ಅಂತಲೇ ಓದುತ್ತಿದ್ದೆ. ಮನಸ್ಸಿನಲ್ಲೇ ಓದಿಕೊಂಡಿದ್ದರೆ ಪರವಾಗಿರಲಿಲ್ಲ, ಒಂದು ಸಲ ನಾಲ್ಕು ಜನರ ಮುಂದೆ ಜೋರಾಗಿ ಹೇಳಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಮೆಲ್ಲಗೆ, "ಅದು ರೀಸ್ ಕಣಮ್ಮಾ, ವೇಲ್ಸ್ ಕಡೆ ಹೆಸರು" ಅಂದರು. ಆವತ್ತಿನಿಂದ ಈ ಹೆಸರಿನ ಹಿಂದೆ ಬಿದ್ದೆ. ನನ್ನ ಹಾಗೆ ಹೆಸರುಗಳ ಇತಿಹಾಸ, ಭಾಷೆಯ ಇತಿಹಾಸ ಓದುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಸ್ಪೆಲ್ಲಿಂಗ್. ಆರ್, ಎಚ್, ವೈ, ಎಸ್. ನಾಲ್ಕೂ ವ್ಯಂಜನ, ಸ್ವರ ಎಲ್ಲಿ ಹೋಯಿತು ಅನ್ನಿಸುತ್ತೆ ಅಲ್ವಾ? ವೇಲ್ಸ್ ಅಂದರೆ ಬ್ರಿಟನ್ನಿನ ಪಶ್ಚಿಮದ ನಾಡು, ಅಲ್ಲಿನ ಭಾಷೆ ವೆಲ್ಶ್. ವೆಲ್ಶ್ ಭಾಷೆಯಲ್ಲಿ ವೈ ಪೂರಾ ಸ್ವರ. ಈ ಹೆಸರಿನಲ್ಲಿ ಅದು ದೀರ್ಘ. ದಕ್ಷಿಣ ವೇಲ್ಸ್‌ನವರು ನಮ್ಮ 'ಈ' ಥರವೇ ಹೇಳುತ್ತಾರೆ, ಉತ್ತರದವರು ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆಳೆದು 'ಈ'ಗೂ 'ಊ'ಗೂ ನಡುವಿನ ಒಂದು ಸ್ವರ ತರುತ್ತಾರೆ. ಆರ್-ಎಚ್ ಎರಡಕ್ಷರ ಸೇರಿ ಒಂದೇ ಧ್ವನಿ. ನಾಲಿಗೆ ನಮ್ಮ ರಕಾರದ ಜಾಗದಲ್ಲೇ ಇರಬೇಕು, ಆದರೆ ಗಂಟಲು ನಡುಗಬಾರದು, ಬರೀ ಗಾಳಿ ನುಗ್ಗಬೇಕು. ಬಾಯಿ ಮುಂದೆ ಅಂಗೈ ಹಿಡಿದು ಹೇಳಿ ನೋಡಿ. ಅಂಗೈಗೆ ಗಾಳಿ ಬಡಿದರೆ ಸರಿಯಾಗಿ ಬಂತು ಅಂತ ಲೆಕ್ಕ. ಕನ್ನಡ ಲಿಪಿಯಲ್ಲಿ ಇದನ್ನು ಬರೆಯೋಕೆ ಹೊರಟರೆ ಹೆಸರಿನ ಮೇಲೆ ಅರ್ಕಾವೊತ್ತು ಕೂತು ಯಾರೂ ಓದದ ಹಾಗಾಗುತ್ತೆ, ಹಾಗಾಗಿ ನಾನು ಸುಮ್ನೆ 'ರೀಸ್' ಅಂತಲೇ ಬರೆಯುತ್ತೇನೆ.

ಅರ್ಥ? ಹುರುಪು, ಕಾವು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬ್ರಿಟನ್ನಿನ ಹಳೆಯ ಕೆಲ್ಟಿಕ್ ಭಾಷೆಯಿಂದ ಬಂದ ಹೆಸರು. ಮಗುವಿಗೆ ಹೆಸರಿಡುವ ಪಟ್ಟಿಗಳೆಲ್ಲ ಇಷ್ಟು ಹೇಳಿ ಮುಗಿಸುತ್ತವೆ. ನನ್ನ ಪ್ರಕಾರ ಈ ಹೆಸರಿನಲ್ಲಿ ಅತ್ಯಂತ ಸಪ್ಪೆ ಸಂಗತಿ ಅಂದರೆ ಅದರ ಅರ್ಥವೇ. ತಾತನ ಹೆಸರು ಮೊಮ್ಮಗನಿಗೆ ಇಡುವಾಗ ಯಾರು ನಿಘಂಟು ತೆಗೆಯುತ್ತಾರೆ ಹೇಳಿ. ಮಜಾ ಇರೋದು ಈ ಒಂದು ಉಚ್ಚಾರವನ್ನು ಬೇರೆ ಬೇರೆ ಕಾಲದ ಗುಮಾಸ್ತರು ತಮ್ಮ ತಮ್ಮ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರಲ್ಲ, ಅದರಲ್ಲಿ.

ಹಳೆಯ ವೆಲ್ಶ್ ಬರವಣಿಗೆಯಲ್ಲಿ ಈ ಹೆಸರಿಗೆ ಎಚ್ ಇಲ್ಲ, ವೈ ಇಲ್ಲ, ಬರೀ ಆರ್, ಐ, ಎಸ್. 1086ರಲ್ಲಿ, ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ ರಾಜ ವಿಲಿಯಂ ತನ್ನ ರಾಜ್ಯದ ಭೂಮಿ, ತೆರಿಗೆಗಳ ಲೆಕ್ಕ ಬರೆಸಿದನಲ್ಲ, ಡೂಮ್ಸ್‌ಡೇ ಪುಸ್ತಕ, ಅದರಲ್ಲಿ 'ವೇಲ್ಸ್‌ನ ರಿಸೆತ್' ಅನ್ನುವವನೊಬ್ಬ ರಾಜನಿಗೆ 40 ಪೌಂಡ್ ಕೊಡಬೇಕು ಅಂತ ಇದೆ. ಈ ರಿಸೆತ್ ದಕ್ಷಿಣ ವೇಲ್ಸ್‌ನ ದೆಹೈಬಾರ್ಥ್ ರಾಜ್ಯದ ದೊರೆ ರೀಸ್ ಆಪ್ ತೆವ್ದುರ್ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ನಾರ್ಮನ್ ಗುಮಾಸ್ತನಿಗೆ ಬಾಲವಿಲ್ಲದ ಹೆಸರು ಸರಿ ಕಾಣಲಿಲ್ಲವೋ ಏನೋ, ಒಂದು 'ಎತ್' ಅಂಟಿಸಿದ್ದಾನೆ. ಆ ದೊರೆ 1093ರಲ್ಲಿ ಬ್ರೆಕನ್ ಹತ್ತಿರ ನಾರ್ಮನ್ನರ ಕೈಯಲ್ಲಿ ಸತ್ತ. ಅವನ ಮಗಳು ನೆಸ್ಟ್. ಅವಳ ಮೊಮ್ಮಗ ಜೆರಾಲ್ಡ್ ಅನ್ನುವ ಪಾದ್ರಿ 1188ರಲ್ಲಿ ಆರ್ಚ್‌ಬಿಷಪ್ ಜೊತೆ ವೇಲ್ಸ್ ಸುತ್ತಿ ಲ್ಯಾಟಿನ್‌ನಲ್ಲಿ ಪ್ರವಾಸದ ಪುಸ್ತಕ ಬರೆದ. ಅವನ ಕೈಯಲ್ಲಿ ಇದೇ ಹೆಸರು 'ರೆಸುಸ್' ಆಯಿತು. ತನ್ನದೇ ಮುತ್ತಜ್ಜನ ಹೆಸರು ನೋಡಿ! ಲ್ಯಾಟಿನ್ ವಿಭಕ್ತಿ ಹಚ್ಚದೆ ಬರೆಯೋ ಹಾಗಿರಲಿಲ್ಲ, ಪಾಪ.

ಜೆರಾಲ್ಡನ ಕಾಲದಲ್ಲಿ ಆ ಹೆಸರಿನ ದೊಡ್ಡ ಮನುಷ್ಯ ಅಂದರೆ ಆ ರೀಸ್ ಆಪ್ ತೆವ್ದುರ್‌ನ ಮೊಮ್ಮಗ ರೀಸ್ ಆಪ್ ಗ್ರಿಫಿದ್, 'ಲಾರ್ಡ್ ರೀಸ್' ಅಂತ ಪ್ರಸಿದ್ಧ. 1176ರ ಕ್ರಿಸ್‌ಮಸ್‌ನಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದ್ಯಗಾರರಿಗೂ ಪಂದ್ಯ ಇಟ್ಟು, ಗೆದ್ದವರಿಗೆ ಕುರ್ಚಿ ಕೊಟ್ಟ. ಇವತ್ತಿಗೂ ವೇಲ್ಸ್‌ನಲ್ಲಿ ನಡೆಯುವ ಐಸ್ಟೆಡ್‌ವೊಡ್ ಕಾವ್ಯಹಬ್ಬಕ್ಕೆ ಇದೇ ಮೊದಲು ಅನ್ನುತ್ತಾರೆ, ಈಗಲೂ ಗೆದ್ದ ಕವಿಗೆ ಕುರ್ಚಿಯೇ ಬಹುಮಾನ. 1197ರಲ್ಲಿ ಅವನು ತೀರಿಕೊಂಡ.

ಈಗ ಆ 'ಆಪ್' ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಕನ್ನಡ ಬಲ್ಲವರಿಗೆ ಇದು ಬೇರೆಯವರಿಗಿಂತ ಬೇಗ ಹತ್ತುತ್ತೆ.

ವೆಲ್ಶ್‌ನಲ್ಲಿ ಮಗನಿಗೆ 'ಮಾಬ್', ಮಗಳಿಗೆ 'ಮೆರ್ಖ್'. ಶಾಲೆಯಲ್ಲಿ ಆದೇಶ ಸಂಧಿ ಕಲಿತಿದ್ದು ನೆನಪಿದೆಯಾ? ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ಎರಡನೇ ಪದದ ಮೊದಲ ಕ, ತ, ಪ ಹೋಗಿ ಗ, ದ, ಬ ಬರುತ್ತೆ. ಅದರ ಜೊತೆಗೆ ಮೇಷ್ಟ್ರು ಇನ್ನೊಂದು ಹೇಳಿಕೊಟ್ಟಿರುತ್ತಾರೆ: ಕೆಲವು ಕಡೆ ಪ, ಬ, ಮ ಹೋಗಿ ವ ಬರುತ್ತೆ. ಮೆಲ್, ಮಾತು ಸೇರಿ ಮೆಲ್ವಾತು. ಕೆನೆ, ಪಾಲು ಸೇರಿ ಕೆನೆವಾಲು. ವೆಲ್ಶ್‌ನಲ್ಲೂ ಹೆಚ್ಚುಕಡಿಮೆ ಇದೇ ಆಟ. ಕ, ತ, ಪ ಇದ್ದದ್ದು ಗ, ದ, ಬ ಆಗುತ್ತೆ, ಬ ಮತ್ತು ಮ ಎರಡೂ ವ ಆಗುತ್ತವೆ. ವ್ಯತ್ಯಾಸ ಏನಪ್ಪಾ ಅಂದರೆ ನಮ್ಮಲ್ಲಿ ಎರಡು ಪದ ಸಮಾಸವಾಗಿ ಅಂಟಿಕೊಳ್ಳಬೇಕು, ಅವರಲ್ಲಿ ಪದಗಳು ಬಿಡಿಯಾಗಿ ಅಕ್ಕಪಕ್ಕ ನಿಂತಿದ್ದರೂ ಸಾಕು. ಒಂದು ಕಾಲದಲ್ಲಿ ಹಿಂದಿನ ಪದ ಸ್ವರದಲ್ಲಿ ಮುಗಿಯುತ್ತಿತ್ತು, ಎರಡು ಸ್ವರದ ನಡುವೆ ಸಿಕ್ಕ ವ್ಯಂಜನ ಮೆತ್ತಗಾಯಿತು, ಆಮೇಲೆ ಆ ಕೊನೆಯ ಸ್ವರ ಉದುರಿಹೋಯಿತು, ಮೆತ್ತಗಾದದ್ದು ಮಾತ್ರ ಹಾಗೇ ಉಳಿಯಿತು.

ಹೀಗೆ ಮಾಬ್ ಹೋಗಿ ವಾಬ್ ಆಯಿತು, ಆ ವಕಾರವೂ ಬಿದ್ದು 'ಆಬ್' ಆಯಿತು. ಸ್ವರದಿಂದ ಶುರುವಾಗುವ ಹೆಸರಿನ ಮುಂದೆ ಆಬ್, ವ್ಯಂಜನದ ಮುಂದೆ ಆಪ್. ಮೆರ್ಖ್ ಮಾತ್ರ 'ವೆರ್ಖ್'ನಲ್ಲೇ ನಿಂತಿತು. ನೆಸ್ಟ್ ವೆರ್ಖ್ ರೀಸ್, ಅಂದರೆ ರೀಸ್ ಮಗಳು ನೆಸ್ಟ್.

ಮನೆತನದ ಹೆಸರು ಅನ್ನೋದೇ ಇರಲಿಲ್ಲ. ಅಪ್ಪನ ಹೆಸರು, ಅವರಪ್ಪನ ಹೆಸರು, ಹೀಗೆ ಬೇಕಾದಷ್ಟು ಹಿಂದಕ್ಕೆ ಹೋಗಬಹುದಿತ್ತು. 1485ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಬಾಸ್‌ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರ್ ಪರ ಹೋರಾಡಿದ ಒಬ್ಬನ ಪೂರ್ತಿ ಹೆಸರು ನೋಡಿ: ರೀಸ್ ಆಪ್ ಥಾಮಸ್ ಆಪ್ ಗ್ರಿಫಿದ್ ಆಪ್ ನಿಕೊಲಸ್. ನಮ್ಮಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಇನಿಶಿಯಲ್ ಮಾಡಿಕೊಂಡವರು ಪಾಸ್‌ಪೋರ್ಟ್ ಫಾರಂನಲ್ಲಿ 'ಸರ್‌ನೇಮ್' ಅನ್ನುವ ಖಾನೆ ನೋಡಿ ತಲೆ ಕೆರೆದುಕೊಳ್ಳುತ್ತಾರಲ್ಲ, ಅಂಥದೇ ಒಂದು ಫಜೀತಿ ವೇಲ್ಸ್‌ಗೆ 16ನೇ ಶತಮಾನದಲ್ಲಿ ಬಂತು. 1536ರ ಕಾನೂನು ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿತು, ಕೋರ್ಟಿನ ಭಾಷೆ ಇಂಗ್ಲಿಷ್ ಆಯಿತು. 1538ರಿಂದ ಚರ್ಚುಗಳು ನಾಮಕರಣ, ಮದುವೆ, ಸಾವು ಎಲ್ಲವನ್ನೂ ದಫ್ತರದಲ್ಲಿ ಬರೆಯಬೇಕಾಯಿತು. ಅಪ್ಪ, ತಾತ, ಮುತ್ತಾತನನ್ನೆಲ್ಲ ಬರೆದುಕೊಳ್ಳೋಕೆ ಗುಮಾಸ್ತನಿಗೆಲ್ಲಿ ಪುರುಸೊತ್ತು? ಒಂದು ಹೆಸರು ಸಾಕು ಅಂದರು.

ಅದಾಗಿದ್ದು ಹೇಗೆ ಅನ್ನೋದಕ್ಕೆ ಬಾಸ್‌ವರ್ತ್‌ನ ಆ ರೀಸ್ ಮನೆಯೇ ಒಳ್ಳೆ ಉದಾಹರಣೆ. ಅವನ ಮಗ ಗ್ರಿಫಿದ್ ಆಪ್ ರೀಸ್. ಆ ಗ್ರಿಫಿದ್‌ಗೆ ಮತ್ತೆ ಒಬ್ಬ ರೀಸ್ ಹುಟ್ಟಿದ, ರೀಸ್ ಆಪ್ ಗ್ರಿಫಿದ್. ಈತನನ್ನು 1531ರಲ್ಲಿ ರಾಜದ್ರೋಹದ ಆರೋಪ ಹೊರಿಸಿ ತಲೆ ಕಡಿಸಿದರು. ಆರೋಪಗಳಲ್ಲಿ ಒಂದು ಕೇಳಿದರೆ ನಂಬೋಕೆ ಕಷ್ಟ: ತನ್ನ ಹೆಸರಿಗೆ 'ಫಿಟ್ಸ್-ಯೂರಿಯನ್' ಅಂತ ಸೇರಿಸಿಕೊಂಡಿದ್ದ. ಯೂರಿಯನ್ ಅಂದರೆ ಪುರಾತನ ಕಾಲದ ಒಬ್ಬ ದೊರೆ, ಆ ವಂಶದವನು ನಾನು ಅಂತ ಹೇಳಿಕೊಂಡರೆ ವೇಲ್ಸ್ ಸಿಂಹಾಸನ ಕೇಳಿದ ಹಾಗೆ ಅಂತ ಅರಮನೆಯವರು ಲೆಕ್ಕ ಹಾಕಿದರು. ತಲೆ ಕಡಿಸಿಕೊಂಡ ಆ ರೀಸ್‌ನ ಮಗ ಹಳೇ ಪದ್ಧತಿಯಲ್ಲಿ 'ಗ್ರಿಫಿದ್ ಆಪ್ ರೀಸ್' ಆಗಬೇಕಿತ್ತು. ದಾಖಲೆಯಲ್ಲಿ ಅವನು ಗ್ರಿಫಿತ್ ರೈಸ್. 'ಆಪ್' ಹೋಯಿತು, ಅಪ್ಪನ ಹೆಸರೇ ಮನೆತನದ ಹೆಸರಾಗಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಆ ಮನೆಯವರು ರೈಸ್‌ಗಳು, ಆಮೇಲೆ ಡೈನೆವರ್ ಬ್ಯಾರನ್‌ಗಳಾದರು. 1916ರಲ್ಲಿ 7ನೇ ಬ್ಯಾರನ್ ರೈಸ್ ಬಿಟ್ಟು ಮತ್ತೆ ರೀಸ್ ಅಂತ ಹೆಸರು ಬದಲಿಸಿಕೊಂಡ. ಅವನ ನಡುವಿನ ಹೆಸರು ಏನಿತ್ತು ಗೊತ್ತಾ? ಫಿಟ್ಸ್‌ಯೂರಿಯನ್. ಯಾವ ಹೆಸರಿಗೆ ಒಂದು ತಲೆ ಹೋಗಿತ್ತೋ ಅದನ್ನೇ ಮನೆಯವರು ಉಳಿಸಿಕೊಂಡಿದ್ದರು.

ಬೇರೆಯವರಲ್ಲಿ 'ಆಪ್' ಪೂರ್ತಿ ಹೋಗಲಿಲ್ಲ, ಅದರ ಪಕಾರ ಅಂಟಿಕೊಂಡು ಉಳಿಯಿತು. 'ಆಪ್ ರೀಸ್' ಅಂತ ಬೇಗ ಬೇಗ ಹತ್ತು ಸಲ ಹೇಳಿ, ಮೊದಲ ಸ್ವರ ತಾನೇ ಜಾರುತ್ತೆ, ಪ್ರೀಸ್ ಉಳಿಯುತ್ತೆ. ಪ್ರೀಸ್, ಪ್ರೈಸ್ ಎರಡೂ ಹುಟ್ಟಿದ್ದು ಹೀಗೆ. ಬೆಲೆಗೂ ಈ ಪ್ರೈಸ್‌ಗೂ ಯಾವ ಸಂಬಂಧವೂ ಇಲ್ಲ! ಬ್ರೆಕನ್‌ನ ಶೋನ್ ಆಪ್ ರೀಸ್ ಅನ್ನುವವರು ಲಂಡನ್ನಿಗೆ ಹೋಗಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಕೈಕೆಳಗೆ ಕೆಲಸ ಮಾಡಿ ಸರ್ ಜಾನ್ ಪ್ರೈಸ್ ಆದರು. 1546ರಲ್ಲಿ ಅಚ್ಚಾದ ಮೊಟ್ಟಮೊದಲ ವೆಲ್ಶ್ ಪುಸ್ತಕ ಹೊರತಂದಿದ್ದು ಇವರೇ. ಅದಕ್ಕೆ ಶೀರ್ಷಿಕೆಯೂ ಇರಲಿಲ್ಲ, 'ಈ ಪುಸ್ತಕದಲ್ಲಿ' ಅನ್ನುವ ಅದರ ಮೊದಲ ಪದಗಳಿಂದಲೇ ಅದನ್ನು ಕರೆಯುತ್ತಾರೆ. ಭಾಷೆಯನ್ನು ಅಚ್ಚಿಗೆ ತಂದ ಮನುಷ್ಯನ ಹೆಸರಿನಿಂದಲೇ ಆ ಭಾಷೆಯ 'ಆಪ್' ಕಳೆದುಹೋಗಿತ್ತು.

ಹಾಗಾದರೆ 'ಈ' ಹೋಗಿ 'ಐ' ಬಂದದ್ದು ಯಾಕೆ? ಇದು ವೇಲ್ಸ್‌ನ ತಪ್ಪಲ್ಲ, ಇಂಗ್ಲಿಷಿನ ಕಿತಾಪತಿ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಈಗ ಟೈಮ್ ಅನ್ನುವ ಪದವನ್ನು ಅದಕ್ಕೂ ಮುಂಚೆ ಹೆಚ್ಚುಕಡಿಮೆ 'ಟೀಮ' ಅನ್ನುತ್ತಿದ್ದರು. ಐ ಅಕ್ಷರ ಹಾಕಿ, ಕೊನೆಗೊಂದು ಇ ಸೇರಿಸಿ ಇಂಗ್ಲಿಷ್ ವೇಷ ಹಾಕಿಕೊಂಡ ಹೆಸರುಗಳು ಆ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಗಿ ರೈಸ್, ಪ್ರೈಸ್ ಆದವು. ಎರಡು ಇ ಹಾಕಿ ಬರೆದ ಹೆಸರುಗಳು ರೀಸ್, ಪ್ರೀಸ್ ಆಗಿ ದಡದಲ್ಲೇ ಉಳಿದವು. ಎರಡೂ ಒಟ್ಟಿಗೇ ಒಂದೇ ಮನುಷ್ಯನಿಗೆ ಬಂದದ್ದೂ ಉಂಟು. 1723ರಲ್ಲಿ ಹುಟ್ಟಿದ ತತ್ವಜ್ಞಾನಿ ರಿಚರ್ಡ್ ಪ್ರೈಸ್ ಅವರ ಅಪ್ಪನ ಹೆಸರು ರೀಸ್ ಪ್ರೈಸ್. ಬಿಡಿಸಿದರೆ ರೀಸ್ ಆಪ್ ರೀಸ್!

ಬೆಟ್ಟದ ಹಳ್ಳಿಗಳಲ್ಲಿ ಮಾತ್ರ ಅಪ್ಪನ ಹೆಸರು ಹೇಳುವ ಪದ್ಧತಿ 18ನೇ ಶತಮಾನದವರೆಗೂ, ಕೆಲವು ಕಡೆ ಅದರಾಚೆಗೂ ಎಳೆದುಕೊಂಡು ಬಂತು. ಆಮೇಲೆ ಓದಿದವರು ಹಿಂದಕ್ಕೆ ತಿರುಗಿದರು. ಪೊಂಟರ್‌ವಿಡ್ ಹಳ್ಳಿಯಲ್ಲಿ 1840ರಲ್ಲಿ ಹುಟ್ಟಿದ ಒಬ್ಬ ಹುಡುಗ, ಎರಡು ಇ ಹಾಕುವ ಜಾನ್ ರೀಸ್, ದೊಡ್ಡವನಾದ ಮೇಲೆ ಆರ್-ಎಚ್-ವೈ-ಎಸ್ ಅಂತ ಬರೆಯತೊಡಗಿ 1877ರಲ್ಲಿ ಆಕ್ಸ್‌ಫರ್ಡ್‌ನ ಮೊದಲ ಕೆಲ್ಟಿಕ್ ಪ್ರೊಫೆಸರ್ ಆದರು. ಡೊಮಿನಿಕಾ ದ್ವೀಪದಲ್ಲಿ ವೇಲ್ಸ್ ಮೂಲದ ಡಾಕ್ಟರ್ ಮಗಳಾಗಿ ಹುಟ್ಟಿದ ಎಲ್ಲಾ ಗ್ವೆಂಡೊಲಿನ್ ರೀಸ್ ವಿಲಿಯಮ್ಸ್ ಕಾದಂಬರಿ ಬರೆಯುವಾಗ ಜೀನ್ ರೀಸ್ ಆದರು, ಅವರೂ ಎಚ್, ವೈ ಹಾಕಿಕೊಂಡೇ. ಅಮೆರಿಕದ ನಟಿ ರೀಸ್ ವಿದರ್‌ಸ್ಪೂನ್ ಅವರದು ತಾಯಿಯ ತವರಿನ ಸರ್‌ನೇಮ್, ಈಗ ಅಲ್ಲಿ ಹುಡುಗಿಯರಿಗೂ ಇಡುತ್ತಾರೆ. ಲಾರ್ಡ್ ರೀಸ್ ಕೇಳಿದ್ದರೆ ಹುಬ್ಬೇರಿಸುತ್ತಿದ್ದ.

ನಮ್ಮ ಕಡೆಯ ಒಂದು ಮಾತು. ಕರ್ನಾಟಕದ ಶಾಸನ ಓದುವವರಿಗೆಲ್ಲ ಬಿ. ಎಲ್. ರೈಸ್ ಗೊತ್ತು, ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್. ಕಾಲೇಜಿನಲ್ಲಿ ನಾವು 'ಅಕ್ಕಿ ಸಾಹೇಬರು' ಅಂತ ತಮಾಷೆ ಮಾಡುತ್ತಿದ್ದೆವು. ರೈಸ್ ಅನ್ನುವ ಸರ್‌ನೇಮ್‌ಗೆ ರೀಸ್ ಒಂದು ಮುಖ್ಯ ಮೂಲ, ಲೂಯಿಸ್ ಅನ್ನೋದನ್ನು ವೇಲ್ಸ್‌ನವರು ಲ್ಲೆವೆಲಿನ್ ಅನ್ನುವ ಹೆಸರಿಗೆ ಇಂಗ್ಲಿಷ್ ವೇಷವಾಗಿ ಬಳಸುತ್ತಿದ್ದರು. ಹಾಗಂತ ಅವರ ಮನೆತನ ವೇಲ್ಸ್‌ನದೇ ಅಂತ ಬರೆದುಕೊಂಡುಬಿಡಬೇಡಿ. ರೈಸ್‌ಗೆ ಬೇರೆ ಮೂಲಗಳೂ ಇವೆ, ಹೆಸರೊಂದನ್ನೇ ಹಿಡಿದುಕೊಂಡು ವಂಶ ಹೇಳೋಕೆ ಹೋದರೆ ಎಡವುತ್ತೇವೆ.

ಕೈ ಪಳಗಲಿ ಅಂತ ನಾಲ್ಕು ಹೆಸರು ಕೊಡುತ್ತೇನೆ, ಬಿಡಿಸಿ ನೋಡಿ: ಪೊವೆಲ್, ಬೋವೆನ್, ಪ್ಯಾರಿ, ಬೆವನ್. ಶುರುವಿನಲ್ಲಿ ಬ ಇದ್ದರೆ ಒಳಗಿನ ಹೆಸರು ಸ್ವರದಿಂದ ಶುರುವಾಗುತ್ತೆ, ಪ ಇದ್ದರೆ ವ್ಯಂಜನದಿಂದ. ಪ್ಯಾರಿಯಲ್ಲಿ ಒಂದು ಹಕಾರ ಉದುರಿದೆ, ಪೊವೆಲ್‌ನಲ್ಲೂ ಅಷ್ಟೆ.