ಅಂಗಳದ ಕಪ್ಪು-ಬಿಳಿ ಹಕ್ಕಿ ಮ್ಯಾಗ್‌ಪೈ ಅಲ್ಲವೇ?

ಪ್ರಶ್ನೆ: ಶಿರಸಿಯ ನಮ್ಮ ಮನೆಯಂಗಳಕ್ಕೆ ಬಾಲ ಎತ್ತಿಕೊಂಡು ಬರುವ ಕಪ್ಪು-ಬಿಳಿ ಹಕ್ಕಿ ಮ್ಯಾಗ್‌ಪೈ ತಾನೇ?

ಉತ್ತರ: ಅಲ್ಲ. ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬಂತು. ಫೋಟೊ ಬೇರೆ ಬೇರೆ, ಹಕ್ಕಿ ಮಾತ್ರ ಅದೇ: ಮಡಿವಾಳ. ಇಂಗ್ಲಿಷಿನ ಹೆಸರು ಮ್ಯಾಗ್‌ಪೈ ರಾಬಿನ್. ಹಿಂದಿನ ರಾಬಿನ್ ಬಿಟ್ಟು ಮುಂದಿನ ಮ್ಯಾಗ್‌ಪೈಯನ್ನಷ್ಟೇ ಹಿಡಿದುಕೊಂಡರೆ ಹೀಗೇ ಆಗುವುದು. ಕಾಳಿ ನದಿಯ ನೀರುಕಾಗೆ ಕಾಗೆಯಲ್ಲ ಎಂದು ಕಾರವಾರದ ಮಕ್ಕಳಿಗೂ ಗೊತ್ತು, ಇದೂ ಅಷ್ಟೇ.

ಬಣ್ಣ ಮರೆತು ಅಳತೆ ನೋಡಿ. ಮಡಿವಾಳ ಸುಮಾರು 19 ಸೆಂ.ಮೀ., ಗೊರವಂಕಕ್ಕಿಂತ ಚಿಕ್ಕದು, ನೊಣಹಿಡುಕಗಳ ಬಳಗದ್ದು. ನಿಜವಾದ ಮ್ಯಾಗ್‌ಪೈ ಕಾಗೆಯ ಬಳಗ, 45 ಸೆಂ.ಮೀ. ಹತ್ತಿರ, ಅದರಲ್ಲಿ ಅರ್ಧ ಬಾಲವೇ. ಅದನ್ನು ನೋಡಲು ಲಡಾಖಿಗೆ ಹೋಗಬೇಕು. ಇನ್ನೂ ಅನುಮಾನವಿದ್ದರೆ ಜೋಡಿಯನ್ನು ಗಮನಿಸಿ. ಮಡಿವಾಳದಲ್ಲಿ ಗಂಡು ಕಪ್ಪಿರುವ ಕಡೆಯೆಲ್ಲ ಹೆಣ್ಣು ಬೂದು. ಮ್ಯಾಗ್‌ಪೈಗಳಲ್ಲಿ ಗಂಡು-ಹೆಣ್ಣು ಒಂದೇ ತರಹ. ಮಡಿವಾಳ ನೆಲಕ್ಕಿಳಿದು ತರಗೆಲೆಯ ನಡುವೆ ಹುಳ ಹೆಕ್ಕುತ್ತದೆ, ಚಿರೆಕಲ್ಲಿನ ಗೋಡೆಯ ಸಂದಿನಲ್ಲೋ ಮರದ ಪೊಟರೆಯಲ್ಲೋ ನಾಲ್ಕೈದು ಮೊಟ್ಟೆಯಿಡುತ್ತದೆ. ಮ್ಯಾಗ್‌ಪೈ ಕೊಂಬೆಯ ಮೇಲೆ ಕಡ್ಡಿ ಪೇರಿಸಿ, ಹೆಚ್ಚಾಗಿ ಮೇಲೊಂದು ಚಾವಣಿಯನ್ನೂ ಕಟ್ಟುತ್ತದೆ. ಇನ್ನು ಬೆಳಗಿನ ಜಾವ ಮಾಡಿನ ತುದಿಯಲ್ಲಿ ಕೂತು ಸಿಳ್ಳೆಯಂಥ ಹಾಡು ಹಾಡುವುದು ಮಡಿವಾಳವೇ. ಮ್ಯಾಗ್‌ಪೈಯದ್ದು ಕಟಕಟ ಕೂಗು.

ಮ್ಯಾಗ್‌ಪೈಯ ನೆಂಟರು ಬೇಕಿದ್ದರೆ ನಮ್ಮಲ್ಲೇ ಇದ್ದಾರೆ, ಮಟಪಕ್ಷಿಗಳು. ತೆಂಗಿನ ತೋಟದಲ್ಲಿ ಕಾಣುವ, ಕಪ್ಪು ತಲೆಯ ಇಟ್ಟಿಗೆ ಬಣ್ಣದ್ದು ಒಂದು. ಘಟ್ಟದ ದಟ್ಟ ಕಾಡಿನಲ್ಲಿ ಕಪ್ಪು ಮುಖ, ಬಿಳಿ ಕುತ್ತಿಗೆ, ಬಿಳಿ ಹೊಟ್ಟೆಯದ್ದು ಇನ್ನೊಂದು. ಪಶ್ಚಿಮ ಘಟ್ಟ ಬಿಟ್ಟು ಅದಕ್ಕೆ ಬೇರೆ ಊರಿಲ್ಲವೆಂದರೂ ತಪ್ಪಿಲ್ಲ. ಎರಡಕ್ಕೂ ಬಾಲ ಉದ್ದ, ತುದಿ ಕಪ್ಪು. ಹಣ್ಣು, ಓತಿಕ್ಯಾತ, ಬೇರೆ ಹಕ್ಕಿಗಳ ಮೊಟ್ಟೆ ಎಲ್ಲವೂ ಆಗುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಬೈಕಿನ ಕನ್ನಡಿ ಕುಕ್ಕುವುದೂ ಇದೇ ಮಡಿವಾಳ. ಗೂಡಿನ ಕಾಲದಲ್ಲಿ ಕನ್ನಡಿಯೊಳಗಿನದು ತನ್ನ ಜಾಗಕ್ಕೆ ನುಗ್ಗಿದ ಹಗೆ ಎಂದು ಅದರ ಲೆಕ್ಕ. ಓಡಿಸಿದರೆ ಐದು ನಿಮಿಷಕ್ಕೆ ಮತ್ತೆ ಹಾಜರ್. ಗಾಡಿ ನಿಲ್ಲಿಸಿದೊಡನೆ ಎರಡೂ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ. ಒಂದಕ್ಕೆ ಮಾತ್ರ ತೊಡಿಸಿದರೆ ಅದು ಇನ್ನೊಂದಕ್ಕೆ ಹೋಗುತ್ತದೆ.